ಐದನೇ ಕೊಡದ ನಂತರ

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದವಳು. ದೀಪ ಆರಿಸಿದ ಮೇಲೆ ಹುಡುಗಿಯರು ಮಂಚದಿಂದ ಮಂಚಕ್ಕೆ ದೆವ್ವದ ಕಥೆ ದಾಟಿಸುತ್ತಿದ್ದರೆ ನನಗೆ ನಿದ್ದೆ ಬಂದುಬಿಡುತ್ತಿತ್ತು. ಗಣಿತ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರು, "ಉತ್ತರ ವಿಚಿತ್ರವಾಗಿ ಬಂತೆಂದರೆ ಹೆದರಬೇಡ, ಇನ್ನೊಮ್ಮೆ ಮಾಡು" ಅನ್ನುತ್ತಿದ್ದರು. ಆ ಮಾತು ನನಗೆ ಬಹಳ ಹಿಡಿಸಿತ್ತು. ಮದುವೆಯಾದ ಮೇಲೆ ಅತ್ತೆಯ ಮನಸ್ಸಿಗೆ ನೋವಾಗಬಾರದೆಂದು ದೃಷ್ಟಿ ತೆಗೆದಿದ್ದೇನೆ, ಅಮಾವಾಸ್ಯೆಗೆ ಕುಂಬಳಕಾಯಿ ಒಡೆಸಿದ್ದೇನೆ. ಅಷ್ಟೇ.

ಈಗ ಬರೆಯುತ್ತಿರುವುದನ್ನೂ ಸಿಸ್ಟರ್ ಹೇಳಿದ ಹಾಗೆ ಇನ್ನೊಮ್ಮೆ, ಮತ್ತೊಮ್ಮೆ ಮಾಡಿ ನೋಡಿದ್ದೇನೆ. ಉತ್ತರ ಬದಲಾಗಲಿಲ್ಲ. ಹೆದರಿಕೆಯ ಅನುಭವ ಅಂದಕೂಡಲೇ ಓದುವವರು ಕತ್ತಲೆಯನ್ನು ಕಲ್ಪಿಸಿಕೊಳ್ಳುತ್ತಾರೆ. ನನ್ನದು ಪೂರ್ತಿ ಹಗಲಿನದು. ಒಲೆಯ ಮೇಲೆ ಹಾಲಿಟ್ಟು, ಕಿಟಕಿಯಿಂದ ಬಿಸಿಲು ಬೀಳುತ್ತಿರುವಾಗ ನಡೆದದ್ದು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಆಗ ನಾವು ತಿಪಟೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಯಜಮಾನರದು ಅಂತರ್ಜಲದ ಅಧ್ಯಯನದ ಕೆಲಸ. ತೆಂಗಿನ ತೋಟಗಳ ಬಾವಿಗಳಲ್ಲಿ ನೀರು ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ವರ್ಷವಿಡೀ ಅಳೆದು ವರದಿ ಬರೆಯಬೇಕಿತ್ತು. ಅದಕ್ಕೆ ಒಂದು ಗೇಜು. ಮೊಳದುದ್ದದ ಉಕ್ಕಿನ ಕೊಳವೆ. ಅದನ್ನು ನೀರಿನೊಳಗೆ ಇಳಿಬಿಟ್ಟರೆ ತನ್ನ ಮೇಲೆ ನಿಂತ ನೀರಿನ ಒತ್ತಡವನ್ನು ಅಳೆಯುತ್ತದೆ. ನೀರು ಏರಿದರೆ ಒತ್ತಡ ಹೆಚ್ಚು, ಇಳಿದರೆ ಕಡಿಮೆ. ಕೊಳವೆಯಿಂದ ಒಂದು ತಂತಿ ಮೇಲೆ ಬಂದು ಬಾವಿಯ ಕಟ್ಟೆಯ ಮೇಲಿನ ಪೆಟ್ಟಿಗೆಗೆ ಸೇರುತ್ತಿತ್ತು. ಅಂಕಿಗಳೆಲ್ಲ ಅದರಲ್ಲಿ ಕೂಡಿರುತ್ತಿದ್ದವು. ಯಜಮಾನರು ಅವನ್ನು ಫ್ಲಾಪಿಯಲ್ಲಿ ಮನೆಗೆ ತರುತ್ತಿದ್ದರು.

ಅಂಕಿಗಳನ್ನು ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅವರ ಸಹಾಯಕರು ಬೇರೆ ಕಡೆಗೆ ಹೋಗಿದ್ದರು, ನನಗೆ ಟೈಪಿಂಗ್ ಬರುತ್ತಿತ್ತು, ಮಧ್ಯಾಹ್ನ ಕೈ ಖಾಲಿ ಇತ್ತು. ಆ ಗೇಜಿಗೆ ಒಂದು ಗುಣವಿತ್ತು. ನೀರು ಸುಮ್ಮನಿದ್ದರೆ ತಾನೂ ಸುಮ್ಮನಿದ್ದು ಯಾವಾಗಲೋ ಒಮ್ಮೆ ಅಂಕಿ ಬರೆದುಕೊಳ್ಳುವುದು, ನೀರು ಅಲ್ಲಾಡಿದರೆ ಗಡಿಬಿಡಿಯಿಂದ ಬರೆದುಕೊಳ್ಳುವುದು. ಹೀಗೆ ಚೆಲ್ಲಾಪಿಲ್ಲಿ ಬಿದ್ದ ಅಂಕಿಗಳನ್ನು ಮೊದಲು ಸಮ ಅಂತರಕ್ಕೆ ತರಬೇಕು, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಆಮೇಲೆ ವೇವ್‌ಲೆಟ್ ಎನ್ನುವ ಲೆಕ್ಕ. ಅದೊಂದು ಜರಡಿ ಎಂದು ಯಜಮಾನರು ಹೇಳಿಕೊಟ್ಟಿದ್ದರು. ಪುಟ್ಟ ಪುಟ್ಟ ಅಲೆಗಳ ಜರಡಿ, ಒಂದರ ಕೆಳಗೊಂದು. ರಾಗಿಹಿಟ್ಟನ್ನು ಜರಡಿ ಹಿಡಿದಂತೆ ನೀರಿನ ನಿಜವಾದ ಏರಿಳಿತ ಒಂದು ಫೈಲಿಗೆ ಇಳಿಯುತ್ತದೆ, ಬೇಡದ ಗದ್ದಲವೆಲ್ಲ ಇನ್ನೊಂದು ಫೈಲಿನಲ್ಲಿ ಉಳಿಯುತ್ತದೆ. ಆ ಎರಡನೆಯದಕ್ಕೆ ಮನೆಯಲ್ಲಿ ನಾವು ತವುಡಿನ ಫೈಲು ಎನ್ನುತ್ತಿದ್ದೆವು. ಅದನ್ನು ಯಾರೂ ನೋಡುತ್ತಿರಲಿಲ್ಲ. ಅಳಿಸಿಹಾಕುವುದೇ ರೂಢಿ.

ಫಾಲ್ಗುಣದ ಒಂದು ಮಧ್ಯಾಹ್ನ ಕರೆಂಟು ಹೋಗುವುದರೊಳಗೆ ಮುಗಿಸಬೇಕೆಂಬ ಅವಸರದಲ್ಲಿ ನಾನು ತಪ್ಪು ಫೈಲನ್ನು ತೆರೆದೆ. ಶೆಟ್ಟಿಕೆರೆ ಕಡೆಯ ಒಂದು ತೋಟದ ತೆರೆದ ಬಾವಿಯದು. ನಿಧಾನವಾಗಿ ಇಳಿಯುವ ಗೆರೆ ಬರಬೇಕಾದ ಕಡೆ ತವುಡಿನ ಚಿತ್ರ ಬಂತು. ಮುಚ್ಚಬೇಕೆಂದು ಕೈ ಹೋಯಿತು, ಆದರೆ ಮುಚ್ಚಲಿಲ್ಲ. ಬರಿಯ ಗದ್ದಲವಾಗಿದ್ದರೆ ಅದು ಹುಲ್ಲಿನ ಹಾಗೆ ಎಲ್ಲ ಕಡೆ ಒಂದೇ ಸಮ ಇರಬೇಕಿತ್ತು. ಇಲ್ಲಿ ಗೆರೆ ಸುಮ್ಮನೆ ಮಲಗಿತ್ತು. ದಿನಕ್ಕೊಂದು ಕಡೆ ಮಾತ್ರ ಎದ್ದಿತ್ತು. ಅಲ್ಲಿಗೆ ಹೋಗಿ ದೊಡ್ಡದು ಮಾಡಿ ನೋಡಿದೆ.

ಮೊದಲು ಒಂದು ಸಣ್ಣ ಏರು. ಏರಿದ ಮೇಲೆ ಎರಡು ಮೂರು ನಡುಕ. ಒಂದು ಕ್ಷಣ ತಡೆದು ಒಮ್ಮೆಗೇ ಇಳಿತ, ಮೊದಲಿದ್ದುದಕ್ಕಿಂತ ಕೂದಲೆಳೆ ಕೆಳಗೆ. ಆಮೇಲೆ ಸಮ.

ಇದನ್ನು ನನ್ನ ಕಣ್ಣಿಗಿಂತ ಮೊದಲು ನನ್ನ ಕೈ ಗುರುತು ಹಿಡಿಯಿತು. ತವರಿನಲ್ಲಿ ನಲ್ಲಿ ಬರುವ ಮುಂಚೆ ನಾನೂ ರಜೆಯಲ್ಲಿ ನೀರು ಸೇದಿದವಳು. ಕೊಡ ನೀರಿಗೆ ತಾಕುವುದು, ತೇಲಿಕೊಂಡು ಅಲ್ಲಾಡುವುದು, ಹಗ್ಗವನ್ನು ಒಮ್ಮೆ ಜಗ್ಗಿದರೆ ಬಾಯಿ ಮಗುಚಿ ತುಂಬಿಕೊಳ್ಳುವುದು, ಆಮೇಲೆ ಭಾರವಾಗಿ ಮೇಲೇಳುವುದು. ಕಂಪ್ಯೂಟರಿನ ತೆರೆಯ ಮೇಲೆ ಇದ್ದದ್ದು ಅದೇ. ಎಣಿಸಿದೆ, ಏಳು. ಮರುದಿನದ್ದೂ ಏಳು. ಅದರ ಮರುದಿನವೂ. ದಿನಾ ಸಂಜೆ ನಾಲ್ಕೂವರೆಯ ಸುಮಾರಿಗೆ. ಐದನೆಯದಾದ ಮೇಲೆ ಕಾಲು ಗಂಟೆ ಏನೂ ಇರುತ್ತಿರಲಿಲ್ಲ. ಆಮೇಲೆ ಇನ್ನೆರಡು.

ಯಾರೋ ತೋಟದವರು ನೀರು ಸೇದುತ್ತಾರೆ ಅಂದುಕೊಂಡೆ. ಸಂಜೆ ಯಜಮಾನರಿಗೆ ಹೇಳಿದೆ, "ನಿಮ್ಮ ಬಾವಿಯಲ್ಲಿ ದಿನಾ ಏಳು ಕೊಡ ನೀರು ಖರ್ಚಾಗ್ತಿದೆ ರೀ, ಲೆಕ್ಕಕ್ಕೆ ಹಿಡಿದಿದ್ದೀರಾ?" ಅವರು ಶೂ ಬಿಚ್ಚುತ್ತಿದ್ದವರು ತಲೆ ಎತ್ತಿದರು. "ಆ ಬಾವೀಲಾ? ಸಾಧ್ಯವೇ ಇಲ್ಲ ಕಣೇ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿದ್ದೀನಿ, ಬೀಗ ಇದೆ. ಬೀಗದ ಕೈ ಇಲ್ಲಿದೆ ನೋಡು" ಎಂದು ಸ್ಕೂಟರಿನ ಗೊಂಚಲನ್ನು ಕುಲುಕಿ ತೋರಿಸಿದರು. ಕೊಡ ಹೋಗಲಿ, ಲೋಟ ಕೂಡ ಆ ಜಾಲರಿಯಲ್ಲಿ ನುಗ್ಗುವುದಿಲ್ಲವಂತೆ. "ತವುಡು ಕೇರ್ತಾ ಕೂತರೆ ಹೀಗೇ. ಹುಳ ಸಿಗುತ್ತೆ" ಎಂದು ನಕ್ಕರು. ಐದನೆಯದರ ನಂತರದ ಬಿಡುವಿನ ವಿಷಯ ನಾನು ಹೇಳಲಿಲ್ಲ. ಹೇಳುವಂಥದ್ದು ಅನ್ನಿಸಿರಲಿಲ್ಲ.

ಆದರೂ ಮುಂದಿನ ಭಾನುವಾರ ಅವರ ಜೊತೆ ಹೋದೆ. ತೋಟ ಕೆಂಪಮ್ಮ ಎನ್ನುವವರದು. ಐವತ್ತರ ಆಚೀಚೆಯ ಹೆಂಗಸು, ಗಂಡನಿಗಿಂತ ಜೋರು, ತೋಟದ ವ್ಯವಹಾರವೆಲ್ಲ ಅವರದ್ದೇ. ನಾವು ಹೋದಾಗ ಕಾಯಿ ಸುಲಿಸುತ್ತ ನಿಂತಿದ್ದರು. ಬಾವಿಯಿಂದ ಯಾರಾದರೂ ನೀರು ತೆಗೆಯುತ್ತಾರಾ ಎಂದು ಕೇಳಿದ್ದೇ ತಡ, ಸೆರಗು ಸಿಕ್ಕಿಸಿಕೊಂಡರು.

"ಚೆನ್ನಾಗೈತೆ ಕಣವ್ವ ನಿಮ್ ನ್ಯಾಯ! ನನ್ ಬಾವಿಗೆ ಬೀಗ ಜಡ್ದು, ಬೀಗದ್ ಕೈ ನೀವ್ ಇಟ್ಕಂಡು, ಈಗ ನೀರ್ ಸೇದೋರ್ಯಾರು ಅಂತ ನನ್ನೇ ಕೇಳ್ತೀರಲ್ಲ! ಬೋರ್ ಹಾಕ್ಸಿದ್ ವರ್ಷಾನೇ ರಾಟೆ ಕಿತ್ತಾಕಿದೀವಿ. ಹಗ್ಗ ಇಲ್ಲ, ಕೊಡ ಇಲ್ಲ."

ನಾನು ಸಮಾಧಾನ ಮಾಡಲು ನಕ್ಕು, "ಏನಿಲ್ಲಮ್ಮ, ಯಂತ್ರದಲ್ಲಿ ದಿನಾ ಸಂಜೆ ಏಳು ಕೊಡ ಸೇದಿದ ಹಾಗೆ ಕಾಣುತ್ತೆ, ಅದಕ್ಕೆ ಕೇಳಿದೆ" ಅಂದೆ.

ಕೆಂಪಮ್ಮನ ಮುಖ ನೋಡುತ್ತಿದ್ದೆ. ಅವರು ಹೆದರಲಿಲ್ಲ. ಏನೋ ಮರೆತದ್ದು ನೆನಪಾದವರ ಹಾಗೆ ಬಾವಿಯ ಕಡೆ ನೋಡಿದರು. "ಏಳಾ? ನಮ್ಮತ್ತೆ ಏಳೇ ಸೇದೋರು. ಆರೂ ಇಲ್ಲ, ಎಂಟೂ ಇಲ್ಲ. ಐದ್ ಸೇದಿ ಅಕಾ, ಆ ಕಲ್ ಮ್ಯಾಲೆ ಕುಂತ್ಕಂಡು ಎಲೆಅಡಿಕೆ ಹಾಕ್ಕಂಡು, ಆಮ್ಯಾಲೆ ಇನ್ನೆರಡು. ಅವ್ರು ಕುಂತಿರೋವಾಗ ಯಾರೂ ಬಾವಿ ತಾವ ಸುಳೀವಂಗಿಲ್ಲ. ಸೊಸೆದೀರು, ಮಕ್ಳು, ಯಾರೂವೆ. ಇನ್ನೆರಡು ಸೇದಿ ಮುಗಿಸ್ತೀನಿ, ಆಮ್ಯಾಲ್ ಬರ್ರಿ ಅನ್ನೋರು."

ಬಿಡುವಿನ ಮಾತನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ. ತಡೆಯಲಾರದೆ ಕೇಳಿದೆ, "ಅವರೇನಾದರೂ ಬಾವಿಯಲ್ಲಿ..."

"ಬುಡ್ತು ಅನ್ನವ್ವ! ಹಾಸ್ಗೆ ಮ್ಯಾಲೆ, ಮಕ್ಳ ಕೈಲಿ ನೀರ್ ಕುಡ್ದು ಸುಖವಾಗ್ ಹೋದ್ರು. ಹತ್ ವರ್ಷದ್ ಮ್ಯಾಲಾಯ್ತು" ಎಂದು ಹೇಳಿ ಕೆಂಪಮ್ಮ ಮತ್ತೆ ಕಾಯಿ ಸುಲಿಯುವವರನ್ನು ಬೈಯಲು ಹೋದರು. ಅವರಿಗೆ ಅದೊಂದು ಹಳೆಯ ಮಾತು, ಅಷ್ಟೇ. ಕಟ್ಟೆಯ ಪಕ್ಕದ ಕಲ್ಲನ್ನು ನಾನು ದೂರದಿಂದ ನೋಡಿದೆ. ನಡುವೆ ಸವೆದು ಹೊಳೆಯುತ್ತಿತ್ತು. ಸುತ್ತ ತೆಂಗಿನ ಗರಿಯ ಕಸ ಬಿದ್ದಿತ್ತು, ಕಲ್ಲಿನ ಮೇಲೆ ಇರಲಿಲ್ಲ. ಗಾಳಿಗೆ ಹಾರಿರಬಹುದು.

ಅಂದಿನಿಂದ ನನಗೆ ಆ ಕಂಪ್ಯೂಟರಿನ ಮುಂದೆ ಕೂರುವುದೇ ಕಷ್ಟವಾಯಿತು. ಮನೆಯ ಮಾಲೀಕರು ನಮ್ಮ ತಲೆಯ ಮೇಲಿನ ಅಟ್ಟದಲ್ಲಿ ಕೊಬ್ಬರಿಗೆಂದು ಕಾಯಿ ತುಂಬಿದ್ದರು. ಕಾಯೊಳಗೆ ಒಣಗಿದ ತಿರುಳು, ಅಂದರೆ ಗಿಟುಕು, ಚಿಪ್ಪು ಬಿಟ್ಟುಕೊಂಡು, ಇಲಿ ತಾಕಿದರೂ ಗುಡುಗುಡು ಅನ್ನುತ್ತಿತ್ತು. ಅದಕ್ಕೆ ನಾನೆಂದೂ ಹೆದರಿದವಳಲ್ಲ. ತೆರೆಯ ಮೇಲೆ ಐದನೆಯ ಕೊಡ ಆದ ಮೇಲೆ ಬರುವ ಆ ಸಮವಾದ ಗೆರೆಗೆ ಹೆದರುತ್ತಿದ್ದೆ. ಸದ್ದಿಲ್ಲದ ಗೆರೆ ಅದು. ನೋಡಿದಾಗಲೆಲ್ಲ ಅಲ್ಲಿ ಯಾರೋ ಕೂತಿದ್ದಾರೆ ಅನ್ನಿಸುತ್ತಿತ್ತು. ಆರನೆಯ ಏರು ಕಾಣುವವರೆಗೆ ಉಸಿರು ಬಿಡುತ್ತಿರಲಿಲ್ಲ. ತೆರೆಗೆ ಬೆನ್ನು ಹಾಕಿ ಅಡುಗೆಮನೆಗೆ ಹೋಗಲು ಆಗುತ್ತಿರಲಿಲ್ಲ, ಹಿಂದೆ ಹಿಂದೆ ಹೆಜ್ಜೆ ಇಟ್ಟುಕೊಂಡು ಹೋದದ್ದೂ ಇದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ನಿಜ.

ಬೇಸಿಗೆ ಏರಿತು. ಬಾವಿಯ ನೀರು ತಳದ ಗುಂಡಿಗೆ ಇಳಿಯಿತು. ಇನ್ನು ಹತ್ತು ದಿನ ಬಿಟ್ಟರೆ ಗೇಜು ನೀರಿನಿಂದ ಹೊರಗೆ ಬಂದುಬಿಡುತ್ತಿತ್ತು. ಮೇಲಿನಿಂದ ಎಳೆದರೆ ಕಲ್ಲುಗಳ ನಡುವೆ ಸಿಕ್ಕಿಕೊಂಡಿದ್ದ ಅದು ಅಲುಗಲಿಲ್ಲ. ಯಾರಾದರೂ ಇಳಿದು ಬಿಡಿಸಿ ಗುಂಡಿಯೊಳಗೆ ಕೂರಿಸಬೇಕು. ಗುರುವಾರ ರಂಗಪ್ಪ ಇಳಿಯುವುದೆಂದು ಗೊತ್ತಾಯಿತು.

ರಂಗಪ್ಪ ಚಿಕ್ಕನಾಯಕನಹಳ್ಳಿ ಕಡೆಯವನು. ಬಾವಿ ಹೂಳೆತ್ತುವುದು, ಕುಸಿದ ಕಲ್ಲು ಕೂರಿಸುವುದು ಅವನ ಕಸುಬು. ಯಜಮಾನರ ಬಾವಿಗಳಿಗೆಲ್ಲ ಗೇಜು ಇಳಿಸಿದವನು ಅವನೇ. ನಮ್ಮ ಮನೆಗೆ ಬಂದರೆ ಜಗುಲಿಯ ಮೇಲೆ ಕೂತು ಎರಡು ಲೋಟ ಕಾಫಿ ಕುಡಿಯುವುದು ಕಡ್ಡಾಯ. "ನಿಮ್ ಕಾಫಿ ಸುದ್ದಿ ಎತ್ತಿದ್ರೆ ನಮ್ಮನೆಯೋಳು ಎರಡು ದಿನ ಮಾತಾಡಲ್ಲ ಕಣಕ್ಕ" ಎನ್ನುತ್ತಿದ್ದ. ಹಾಗೆಂದ ಮರುವಾರವೇ ಅದೇ ಹೆಂಡತಿ ಕಟ್ಟಿಕೊಟ್ಟ ಅವರೆಕಾಯಿಯ ಚೀಲ ತಂದು ಇಡುತ್ತಿದ್ದ.

ಗುರುವಾರ ಬೆಳಗ್ಗೆ ಆರೂವರೆಗೆ, ಡಿಕಾಕ್ಷನ್ ಇಳಿಯುತ್ತಿರುವಾಗ, ಹಿಂದಿನ ಸಂಜೆ ಯಜಮಾನರು ತಂದಿದ್ದ ಫ್ಲಾಪಿಯನ್ನು ಹಾಕಿದೆ. ಅವರು ಬಾವಿಯಿಂದ ಹೊರಟಾಗ ಸಂಜೆ ಆರು ದಾಟಿತ್ತಂತೆ. ಹಾಗಾಗಿ ಬುಧವಾರದ ಕೊಡಗಳೂ ಅದರಲ್ಲಿ ಇರಬೇಕಿತ್ತು. ಚುಕ್ಕಿಗಳನ್ನು ಸಮ ಮಾಡಿದೆ, ಜರಡಿ ಹಿಡಿದೆ, ತವುಡನ್ನು ತೆರೆದೆ.

ಒಂದು, ಎರಡು, ಮೂರು, ನಾಲ್ಕು, ಐದು.

ಗೆರೆ ಸಮವಾಯಿತು. ಕಾಲು ಗಂಟೆ ಕಳೆಯಿತು, ಅರ್ಧ ಗಂಟೆ, ಒಂದು ಗಂಟೆ, ಫೈಲು ಮುಗಿಯುವವರೆಗೂ ಸಮ. ಆರನೆಯದಿಲ್ಲ, ಏಳನೆಯದಿಲ್ಲ. ನಾನು ಏನೋ ತಪ್ಪು ಮಾಡಿದ್ದೇನೆಂದು ಮೊದಲಿನಿಂದ ಮಾಡಿದೆ. ಮತ್ತೆ ಐದೇ. ಹಾಲು ಉಕ್ಕಿ ಒಲೆ ಆರಿದ ವಾಸನೆ ಬಂತು. ಏಳಲು ಆಗಲಿಲ್ಲ. "ಅವ್ರು ಕುಂತಿರೋವಾಗ ಯಾರೂ ಬಾವಿ ತಾವ ಸುಳೀವಂಗಿಲ್ಲ" ಎಂದ ಕೆಂಪಮ್ಮನ ಮಾತು ನೆನಪಾಯಿತು. ನಿನ್ನೆ ಸಂಜೆಯಿಂದ ಅಲ್ಲಿ ಯಾರೋ ಎದ್ದಿಲ್ಲ. ಇನ್ನು ನಾಲ್ಕು ಗಂಟೆಯಲ್ಲಿ ರಂಗಪ್ಪ ಅದರೊಳಗೆ ಇಳಿಯುತ್ತಾನೆ.

ಯಜಮಾನರಿಗೆ ಹೇಳಿದೆ. ಅಳು ಬಂದುಬಿಟ್ಟಿತ್ತು. ಅವರು ಗದರಲಿಲ್ಲ, ಪಾಪ. ಪಕ್ಕದಲ್ಲಿ ಕೂತು ತಾವೇ ನೋಡಿದರು. "ಐದೋ ಏಳೋ, ಇದು ಗದ್ದಲ ಕಣೇ. ನೀನು ಕೊಡ ಅಂದುಕೊಂಡಿದ್ದಕ್ಕೆ ಕೊಡದ ಹಾಗೆ ಕಾಣ್ತಿದೆ. ತವುಡಿಗೆ ಹೆದರಿ ಕೆಲಸ ನಿಲ್ಲಿಸಿದೆ ಅಂತ ವರದಿ ಬರೀಲಾ?" ಗೇಜು ಒಣಗಿದರೆ ಇಡೀ ವರ್ಷದ ಅಳತೆ ತುಂಡಾಗುತ್ತದೆ, ಅದೂ ನನಗೆ ಗೊತ್ತಿತ್ತು. ಸೀರೆ ಬದಲಿಸಿಕೊಂಡು ಬಂದು ಅವರ ಕೆಲಸದ ಜೀಪಿನಲ್ಲಿ ಕೂತೆ. ಅವರು ಒಮ್ಮೆ ನನ್ನನ್ನು ನೋಡಿ ಜೀಪು ಹೊರಡಿಸಿದರು.

ನಾವು ತಲುಪಿದಾಗ ಹನ್ನೊಂದಾಗಿತ್ತು. ರಂಗಪ್ಪ ಆಗಲೇ ಬಂದು ಅಂಗಿ ಬಿಚ್ಚಿ, ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ. ಜಾಲರಿಯ ಬೀಗ ತೆಗೆದರು. ಬಾವಿಯ ಬಾಯಿಂದ ತಣ್ಣನೆಯ ಹಳೆಯ ವಾಸನೆ ಬಂತು. ಒಳಗೋಡೆಯಿಂದ ಚಾಚಿದ ಕಲ್ಲಿನ ಮೆಟ್ಟಿಲುಗಳು ಒಂದರ ಕೆಳಗೊಂದು ಕತ್ತಲೆಗೆ ಇಳಿದಿದ್ದವು. ಅದನ್ನೂ ನೋಡಿದೆ, ಕಟ್ಟೆಯ ಪಕ್ಕದ ಆ ಕಲ್ಲನ್ನೂ ನೋಡಿದೆ. ಅದರ ಹತ್ತಿರಕ್ಕೆ ಯಾರೂ ಹೋಗಿರಲಿಲ್ಲ. ಎಲ್ಲರೂ ಬಾವಿಯ ಈಚೆ ಬದಿಗೇ ನಿಂತಿದ್ದರು. ಬೇಕೆಂದೇ ಹಾಗೆ ನಿಂತಿದ್ದರೋ, ನೆರಳು ಈ ಕಡೆ ಇತ್ತೋ, ಹೇಳಲಾರೆ.

ಕೊಡದ ಕಥೆ ಹೇಳಿ ಒಬ್ಬ ಕಸುಬುದಾರನನ್ನು ತಡೆಯಲು ಆಗುತ್ತದೆಯೇ? ನನಗೆ ತೋಚಿದ್ದು ಒಂದೇ. ಹಳೆಯ ಬಾವಿಗೆ ಇಳಿಯುವ ಮುಂಚೆ ದೀಪ ಇಳಿಸಿ ನೋಡುವ ಪದ್ಧತಿ ನಮ್ಮ ಕಡೆ ಇದೆ. ಒಳಗೆ ಕೆಟ್ಟ ಗಾಳಿ ಇದ್ದರೆ ದೀಪ ಆರುತ್ತದೆ. "ರಂಗಪ್ಪ, ದೀಪ ಬಿಟ್ಟು ನೋಡಿದಿಯಾ?" ಅಂದೆ.

"ಏನಕ್ಕ ನೀವು, ಎರಡು ತಿಂಗ್ಳಿಂದೆ ಇದ್ರಾಗೇ ಇಳ್ದು ಬೀಡಿ ಸೇದ್ಕಂಡು ಬಂದಿವ್ನಿ. ನಮ್ಮನೆ ಮೆಟ್ಲಿಗಿಂತ ಬಾವಿ ಮೆಟ್ಲೇ ಜಾಸ್ತಿ ಹತ್ತಿಳ್ದಿರೋನು ನಾನು" ಎಂದು ನಕ್ಕ.

"ನನಗೋಸ್ಕರ" ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಅವನು ಯಜಮಾನರ ಮುಖ ನೋಡಿದ. ಅವರು ಗಡಿಯಾರ ನೋಡಿಕೊಂಡರು. ಅಷ್ಟರಲ್ಲಿ ಕೆಂಪಮ್ಮ ಹಿಂದಿನಿಂದ ಕೂಗಿದರು, "ಲೋ ರಂಗ, ಹೆಣ್ಣೆಂಗ್ಸು ಅಷ್ಟ್ ದೂರದಿಂದ ಬಂದು ಕೇಳ್ತಾವ್ಳೆ. ಒಂದ್ ದೀಪ ಬುಡಕ್ಕೆ ನಿಂಗೇನ್ಲಾ ಧಾಡಿ? ತಡಿ, ನಮ್ಮನೆ ಲಾಂದ್ರ ತತ್ತೀನಿ."

ಲಾಂದ್ರ ಬಂತು. ಬತ್ತಿ ಎತ್ತರಿಸಿ ಹಚ್ಚಿ, ಬಕೆಟ್ಟಿನಲ್ಲಿ ನಿಲ್ಲಿಸಿ, ಹಗ್ಗ ಕಟ್ಟಿ ರಂಗಪ್ಪ ಬಿಡತೊಡಗಿದ. ಎರಡು ಕೈ ಚಾಚಿದ ಉದ್ದ ಒಂದು ಮಾರು. ನೀರು ಏಳು ಮಾರು ಕೆಳಗಿತ್ತು. ಹೆದರಿಕೆಗೆ ನಾನು ಎಣಿಸುತ್ತಿದ್ದೆ. ಒಂದು ಮಾರು, ಗೋಡೆಯ ಮೇಲೆ ಹಳದಿ ಬೆಳಕು. ಎರಡು ಮಾರು, ಬೆಳಕು ಚಿಕ್ಕದಾಯಿತು. ಮೂರನೆಯ ಮಾರಿಗೆ ಯಾರೋ ಬೆರಳಿನಿಂದ ಹಿಂಡಿದ ಹಾಗೆ ಆರಿಹೋಯಿತು.

"ಎಣ್ಣೆ ಇಲ್ವೇನೋ" ಎಂದರು ಯಜಮಾನರು. ರಂಗಪ್ಪ ಮೇಲೆ ಎಳೆದ, ಎಲ್ಲರೂ ನೋಡಿದೆವು. ಎಣ್ಣೆ ಅರ್ಧಕ್ಕಿತ್ತು, ಗಾಜು ಒಡೆದಿರಲಿಲ್ಲ. ಮತ್ತೆ ಹಚ್ಚಿ ಮತ್ತೆ ಬಿಟ್ಟ. ಒಂದು, ಎರಡು, ಮೂರು. ಆರಿತು. ರಂಗಪ್ಪ ತಕ್ಷಣ ಎಳೆಯಲಿಲ್ಲ. ಹಗ್ಗ ಹಿಡಿದುಕೊಂಡು ಹಾಗೇ ನಿಂತಿದ್ದ. ಆಮೇಲೆ ನಿಧಾನವಾಗಿ, ಕೈಗೆ ಕೈ ಬದಲಿಸುತ್ತ, ಮೇಲೆ ತಂದ. ಬಕೆಟ್ಟನ್ನು ಕೆಳಗಿಟ್ಟು ಸೊಂಟದ ಹಗ್ಗ ಬಿಚ್ಚಿ, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಹಣೆಯ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲಿಲ್ಲ. ಕೆಂಪಮ್ಮ, "ಅಯ್ಯೋ ಶಿವನೇ" ಎಂದು ಒಂದು ಚೊಂಬು ಮಜ್ಜಿಗೆ ತಂದು ಅವನ ಕೈಗೆ ಕೊಟ್ಟರು. ಯಜಮಾನರು ಜಾಲರಿ ಮುಚ್ಚಿ ಬೀಗ ಹಾಕಿದರು. ಇಳಿದಿದ್ದರೆ ನಾಲ್ಕು ಮಾರು ಮುಟ್ಟುವುದರೊಳಗೆ ರಂಗಪ್ಪ ಕೈಬಿಟ್ಟು ಬೀಳುತ್ತಿದ್ದ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಯಜಮಾನರು ದಾರಿಯಲ್ಲೇ ಕಾರಣ ಕಂಡುಹಿಡಿದರು, ಅದು ಸರಿಯಾಗಿಯೇ ಇತ್ತು. ತಳದಲ್ಲಿ ಗರಿ, ಮಟ್ಟೆ ಕೊಳೆತು ಗಾಳಿ ಕಟ್ಟಿಕೊಂಡಿದೆ, ಅದು ಗುಳ್ಳೆಯಾಗಿ ಎದ್ದಾಗಲೆಲ್ಲ ನೀರು ಅಲ್ಲಾಡಿದೆ, ನಾನು ಅದನ್ನೇ ಕೊಡ ಅಂದುಕೊಂಡಿದ್ದೇನೆ. "ತವುಡು ಅಂತ ಅಳಿಸಿಹಾಕ್ತಿದ್ದೆವಲ್ಲ, ಎಚ್ಚರಿಕೆ ಇದ್ದದ್ದು ಅದರಲ್ಲೇ. ತಪ್ಪು ನನ್ನದು" ಎಂದರು. ಅಂಥ ಮಾತು ಅವರ ಬಾಯಲ್ಲಿ ಅಪರೂಪ. ನನಗೆ ಹಗುರವಾಯಿತು. ಮಧ್ಯಾಹ್ನ ಹಸಿವಾಗಿ ಊಟ ಮಾಡಿದೆ.

ಊಟವಾದ ಮೇಲೆ, ಹೊರಡುವ ಮುಂಚೆ ಅವರು ಪೆಟ್ಟಿಗೆಯಿಂದ ಇಳಿಸಿಕೊಂಡಿದ್ದ ಅಂಕಿಗಳನ್ನು ಇಬ್ಬರೂ ಒಟ್ಟಿಗೆ ಕೂತು ನೋಡಿದೆವು. ಬುಧವಾರ ಸಂಜೆ ಐದು ಕೊಡ. ಆಮೇಲೆ ರಾತ್ರಿಯಿಡೀ, ಬೆಳಗ್ಗೆಯೆಲ್ಲ ಒಂದೇ ಸಮ ಗೆರೆ. ಹನ್ನೊಂದೂಕಾಲರ ಹತ್ತಿರ ಒಂದು ಏರು, ನಡುಕ, ತಡೆ, ಇಳಿತ. ಕೆಲವು ನಿಮಿಷ ಬಿಟ್ಟು ಇನ್ನೊಂದು. ಅಷ್ಟೇ.

ಯಜಮಾನರು ಚುಕ್ಕಿಗಳ ಅಂತರ ಬದಲಿಸಿ ಮಾಡಿದರು. ಬೇರೆ ಜರಡಿ ಹಾಕಿದರು, ಬರಿಯ ಕಚ್ಚಾ ಅಂಕಿಗಳನ್ನು ಬೆರಳಿಟ್ಟು ಓದಿದರು. ಎರಡೂ ಅಲ್ಲೇ ಇದ್ದವು. "ಲಾಂದ್ರದ ಬಕೆಟ್ಟು ನೀರಿಗೆ ತಾಕಿದೆ" ಎಂದರು ಕೊನೆಗೆ. ಮೂರು ಮಾರಿಗೇ ಆರಿತು, ಮೂರು ಮಾರಿನಿಂದಲೇ ಎಳೆದ, ನಾನು ಎಣಿಸಿದ್ದೇನೆ ಅಂದೆ. ನೀನು ಹೆದರಿದ್ದೆ, ಎಣಿಕೆ ತಪ್ಪಿರುತ್ತೆ ಎಂದರು. ಇರಬಹುದು ಅಂದೆ.

ಮುಂದಿನ ವಾರ ರಂಗಪ್ಪ ಕೊಕ್ಕೆ ಹಾಕಿ ಮೇಲಿನಿಂದಲೇ ಗೇಜನ್ನು ಬಿಡಿಸಿ ಗುಂಡಿಗೆ ಕೂರಿಸಿದ. ಆ ಗುರುವಾರ ಕಳೆದ ಮೇಲೆ ಆ ಬಾವಿಯ ತವುಡಿನಲ್ಲಿ ಒಂದು ಕೊಡವೂ ಕಾಣಲಿಲ್ಲ. ಮಳೆ ಬರುವವರೆಗೆ ದಿನಾ ತೆರೆದು ನೋಡಿದ್ದೇನೆ. ಕೊಳೆತ ಗಾಳಿ ಒಂದೇ ದಿನಕ್ಕೆ ಖಾಲಿಯಾಯಿತೇ ಎಂದು ಯಜಮಾನರನ್ನು ಕೇಳಿದೆ. ಅವರು ವರದಿಯ ಹಾಳೆಗಳನ್ನು ಜೋಡಿಸಿ ದಾರ ಕಟ್ಟಿದರು. ವರದಿ ಹೋಯಿತು. ಅದರಲ್ಲಿ ಆ ಬಾವಿಯ ಗೆರೆ ಚೊಕ್ಕಟವಾಗಿ, ನಯವಾಗಿ ಇಳಿದಿದೆ.

ಗೇಜು ಕೂರಿಸಿದ ದಿನವೇ ರಂಗಪ್ಪ ಮನೆಗೆ ಬಂದಿದ್ದ. ಯಜಮಾನರು ಒಳಗಿದ್ದರು. ಕಾಫಿ ಕೊಡುತ್ತ ನಾನು ಮೆಲ್ಲಗೆ ಕೇಳಿದೆ, "ಅವತ್ತು ಹಗ್ಗ ಎಷ್ಟು ಮಾರು ಬಿಟ್ಟಿದ್ದೆ ರಂಗಪ್ಪ?"

"ಮೂರು" ಎಂದ, ಯೋಚನೆಯೇ ಮಾಡದೆ. "ನನ್ ಕೈ ಲೆಕ್ಕ ತಪ್ಪಲ್ಲ ಕಣಕ್ಕ." ಒಂದು ಗುಟುಕು ಕುಡಿದು, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಯಾರಿಗೂ ಅಂದಿಲ್ಲ, ನಿಮಗ್ ಹೇಳ್ತೀನಿ. ಎರಡು ಸಲೀನೂ ಎಳೆಯೋವಾಗ ಭಾರ ಇತ್ತಕ್ಕ. ತುಂಬಿದ್ ಕೊಡ ಎತ್ತಿದಂಗೆ. ಎರಡ್ನೇ ಸಲ ಎಳ್ಯಕ್ಕೇ ಆಗ್ಲಿಲ್ಲ, ಅದ್ಕೇ ನಿಂತ್ಕಂಡಿದ್ದು. ಮ್ಯಾಲ್ ಬಂದಾಗ ಬಕೆಟ್ಟು ಒಣುಕ್ಲು. ಲಾಂದ್ರದ ಗಾಜು ಇನ್ನೂ ಬಿಸಿ ಇತ್ತು."

ಅವನು ಎರಡನೆಯ ಲೋಟ ಬೇಡ ಎಂದದ್ದು ಅದೊಂದೇ ಸಲ.

ವರ್ಷಗಳಾದವು. ಲೆಕ್ಕ ಮಾಡುತ್ತಲೇ ಇದ್ದೇನೆ. ದಿನಾ ಒಂದೇ ಹೊತ್ತಿಗೆ ಏಳು ಗುಳ್ಳೆ ಏಳಬಹುದು, ಕೆಂಪಮ್ಮನ ಅತ್ತೆ ಏಳೇ ಕೊಡ ಸೇದುತ್ತಿದ್ದದ್ದು ಕಾಕತಾಳೀಯವಿರಬಹುದು, ಹೆದರಿದ ಮನುಷ್ಯನ ಕೈಗೆ ಖಾಲಿ ಬಕೆಟ್ಟು ಭಾರವಾಗಬಹುದು. ಒಂದೊಂದನ್ನೂ ಬೇರೆ ಬೇರೆ ಹಿಡಿದರೆ ಒಪ್ಪಿಕೊಳ್ಳಬಲ್ಲೆ. ಒಟ್ಟಿಗೆ ಹಿಡಿದಾಗ ಆಗುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಐದು ಕೊಡ ಸೇದಿ ಅಂದು ಅಲ್ಲಿ ಯಾರಾದರೂ ಕೂತಿದ್ದರೆ, ರಂಗಪ್ಪ ಇಳಿಯದಂತೆ ತಡೆಯಲು ಕೂತಿದ್ದರೋ, ಅವನು ಇಳಿಯಲಿ ಎಂದು ಕಾಯುತ್ತಿದ್ದರೋ? ಹಗಲಿನಲ್ಲಿ ಮೊದಲನೆಯದನ್ನು ನಂಬುತ್ತೇನೆ. ಒಬ್ಬಳೇ ಇದ್ದಾಗ ನಂಬಲು ಆಗುವುದಿಲ್ಲ.

ರಂಗಪ್ಪ ಚೆನ್ನಾಗಿದ್ದಾನೆ, ಈಗಲೂ ಬಾವಿಗೆ ಇಳಿಯುತ್ತಾನೆ. ಇಳಿಯುವ ಮುಂಚೆ ದೀಪವನ್ನು ಒಮ್ಮೆ ಬಿಟ್ಟು, ಉರಿಯುತ್ತಲೇ ಮೇಲೆ ಬಂದರೂ, ಮತ್ತೊಮ್ಮೆ ಬಿಡುತ್ತಾನಂತೆ. ಜೊತೆಯವರು ಗೇಲಿ ಮಾಡುತ್ತಾರೆ ಎಂದು ಅವನ ಹೆಂಡತಿ ಒಮ್ಮೆ ನನ್ನ ಹತ್ತಿರ ನಗುತ್ತ ಹೇಳಿದಳು. ಯಾಕೆಂದು ಅವಳಿಗೆ ಗೊತ್ತಿಲ್ಲ. ನಾನೂ ಅವಳ ಜೊತೆ ನಕ್ಕೆ.